ದಾನಪತ್ರದಲ್ಲಿ ಬರೆಯದೆ ಬಿಟ್ಟ ಸಾಲು

ಕೆ.ಆರ್. ಪುರದ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಬಂದವರಿಗೆ ಪತ್ರ ಬರಹಗಾರರ ಪರಿಚಯ ಇದ್ದೇ ಇರುತ್ತದೆ. ಅಂಥ ಒಬ್ಬರ ಪಕ್ಕ ಕೂತು ಒಂದು ಮಧ್ಯಾಹ್ನ ನಾನು ಕಂಡದ್ದು ಇನ್ನೂ ತಲೆಯಿಂದ ಹೋಗಿಲ್ಲ.

ಎಪ್ಪತ್ತೈದು ದಾಟಿದ ತಾಯಿ, ಪಕ್ಕದಲ್ಲಿ ಮಗ. ಅವನ ಪ್ಲಾಸ್ಟಿಕ್ ಕವರಿನಲ್ಲಿ ಖಾತೆ, ತೆರಿಗೆ ರಸೀದಿ, ಇಬ್ಬರದೂ ಆಧಾರ್. ತಾಯಿ ಹೆಸರಿನ ಮನೆ ಮಗನಿಗೆ ದಾನಪತ್ರವಾಗಬೇಕಿತ್ತು. ಬರಹಗಾರರು ಕಾಗದಗಳನ್ನು ತಿರುವಿ ಹಾಕಿ, “ಎರಡು ಸೆಟ್ ಜೆರಾಕ್ಸ್ ಬೇಕು, ನೀವೇ ಹೋಗಿ ಮಾಡಿಸ್ಕೊಂಡು ಬನ್ನಿ” ಎಂದು ಮಗನನ್ನು ಎಬ್ಬಿಸಿದರು. ಅವನು ಮರೆಯಾದ ಮೇಲೆ ತಾಯಿಯ ಕಡೆ ಬಾಗಿ ಕೇಳಿದರು: “ಅಮ್ಮ, ಮನೆ ಬೀಗದ ಕೈ ನಿಮ್ಮ ಹತ್ರಾನೂ ಒಂದಿದೆಯಾ?”

“ನನಗ್ಯಾಕಪ್ಪ? ಬೆಳಗ್ಗೆ ಅವರೇ ಹೊರಗಿಂದ ಬೀಗ ಹಾಕ್ಕೊಂಡು ಹೋಗ್ತಾರೆ, ಸಂಜೆ ಬಂದು ತೆಗೀತಾರೆ.”

“ಪಿಂಚಣಿ ದುಡ್ಡು?”

“ಪಾಸ್‌ಬುಕ್ಕು, ಎಟಿಎಂ ಕಾರ್ಡು ಎಲ್ಲಾ ಅವನ ಹತ್ರಾನೇ.”

“ಮಗಳ ಜತೆ ಫೋನಲ್ಲಿ ಮಾತಾಡ್ತೀರಾ?”

ಇದಕ್ಕೆ ಉತ್ತರ ಕೊಡುವ ಮೊದಲು ಆಕೆ ಬಾಗಿಲ ಕಡೆ ನೋಡಿದರು. ಕೈಯಲ್ಲಿದ್ದ ಕರ್ಚೀಫನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು. ಉತ್ತರ ಬರಲಿಲ್ಲ.

ಹಿರಿಯರ ಮೇಲಿನ ದೌರ್ಜನ್ಯ ಎಂದರೆ ಹೊಡೆತ, ಬಾಸುಂಡೆ ಎಂದೇ ನಮ್ಮ ಕಲ್ಪನೆ. ಆದರೆ ಅದು ಮೊದಲು ಕಾಣಿಸಿಕೊಳ್ಳುವುದು ಬೀಗದ ಕೈಯಲ್ಲಿ, ಪಾಸ್‌ಬುಕ್ಕಿನಲ್ಲಿ, ಕಿತ್ತುಕೊಂಡ ಫೋನಿನಲ್ಲಿ, ತಿಂಗಳಾದರೂ ತರದ ಬಿಪಿ ಮಾತ್ರೆಯಲ್ಲಿ. ಯಾವ ತರಬೇತಿಯೂ ಇಲ್ಲದ ಪತ್ರ ಬರಹಗಾರರೊಬ್ಬರು ಮೂರು ಪ್ರಶ್ನೆಗಳಲ್ಲಿ ಅದನ್ನು ಹಿಡಿದುಬಿಟ್ಟರು. ಒಂಟಿಯಾಗಿ ಮಾತಾಡಿಸಬೇಕು, ಉತ್ತರಕ್ಕೆ ಮೊದಲು ಕಣ್ಣು ಎತ್ತ ಹೋಗುತ್ತದೆ ನೋಡಬೇಕು ಎನ್ನುವುದನ್ನು ಅವರು ಕಲಿತದ್ದು ಆ ಮೇಜಿನ ಮುಂದೆಯೇ.

ಮಗ ಬರುವಷ್ಟರಲ್ಲಿ ಕರಡಿಗೆ ಒಂದು ಸಾಲು ಸೇರಿತ್ತು: ತಾಯಿ ಬದುಕಿರುವವರೆಗೂ ಇದೇ ಮನೆಯಲ್ಲಿ ವಾಸ, ಊಟ, ಬಟ್ಟೆ, ಔಷಧೋಪಚಾರ ದಾನ ಪಡೆದವರ ಹೊಣೆ, ತಪ್ಪಿದರೆ ದಾನ ರದ್ದು. ಮಗ ಓದಿ ಮುಖ ಸಿಂಡರಿಸಿದ. “ಇದೆಲ್ಲಾ ಯಾಕೆ ಸಾರ್, ಅಮ್ಮ ಅಲ್ವಾ?” “ನೋಡ್ಕೊಳ್ಳೋದು ನಿಜ ಅಂದ್ಮೇಲೆ ಬರೆದ್ರೆ ಏನು ತೊಂದರೆ?” ಎಂದರು ಇವರು. ಅವನು ಕಾಗದ ಬಾಚಿಕೊಂಡು, ತಾಯಿಯ ರಟ್ಟೆ ಹಿಡಿದು ಹೊರಟ. ಬರಹಗಾರರು ಕೂಡಲೇ ತಮ್ಮ ಫೋನಿನಿಂದ 1090ಕ್ಕೆ ಕರೆ ಮಾಡಿ, ಕರಡಿನಲ್ಲಿದ್ದ ವಿಳಾಸ ಓದಿ ಹೇಳಿದರು.

ಆ ಒಂದು ಸಾಲಿನ ಹಿಂದೆ ಬಿದ್ದು ನಾನು ತೀರ್ಪುಗಳನ್ನು ಹುಡುಕಿ ಓದಿದೆ. ಪಾಲಕರ ಪೋಷಣೆ ಮತ್ತು ಹಿರಿಯ ನಾಗರಿಕರ ಕಲ್ಯಾಣಕ್ಕಾಗಿ 2007ರಲ್ಲಿ ಬಂದ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಆ ವರ್ಗಾವಣೆ ವಂಚನೆಯಿಂದ ಆದದ್ದೆಂದೇ ಲೆಕ್ಕ. ಕೊಟ್ಟವರು ಕೇಳಿದರೆ ನ್ಯಾಯಮಂಡಳಿ ರದ್ದು ಮಾಡಬಹುದು. ಷರತ್ತು ಇತ್ತೆಂದು ತೋರಿಸಲಾಗದಿದ್ದರೆ ಈ ಕಲಂ ಅನ್ವಯಿಸದು ಎಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ಕೋರ್ಟ್ 2025ರ ಜನವರಿಯಲ್ಲಿ, ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ, ಇದು ಹಿರಿಯರ ಹಿತಕ್ಕಾಗಿ ಮಾಡಿದ ಕಾಯ್ದೆ, ಉದಾರವಾಗಿ ಓದಬೇಕು ಎಂದು ಆಸ್ತಿಯನ್ನು ಆಕೆಗೆ ಹಿಂದಿರುಗಿಸಿತು. ಎರಡನೆಯದೇ ನ್ಯಾಯ ಎಂದು ನನಗನಿಸುತ್ತದೆ. ಹೊಟ್ಟೆಯಲ್ಲಿ ಹುಟ್ಟಿದವನ ಮುಂದೆ ಷರತ್ತು ಹಾಕುವ ತಾಯಿ ಎಲ್ಲಿದ್ದಾಳೆ? ಆದರೂ ಕೋರ್ಟಿನ ಉದಾರತೆಯನ್ನು ನಂಬಿ ಕೂರುವುದಕ್ಕಿಂತ ಆ ಸಾಲು ಬರೆಸುವುದೇ ಕ್ಷೇಮ. ಅದರಲ್ಲೂ 2023ರಲ್ಲಿ ಮೆಟ್ರೊ ಕೆ.ಆರ್. ಪುರದ ಮೂಲಕ ವೈಟ್‌ಫೀಲ್ಡ್‌ವರೆಗೆ ಓಡತೊಡಗಿದ ಮೇಲೆ ಇಲ್ಲಿನ ಹಳೆಯ ಮನೆಗಳ ಮೇಲೆ ಎಲ್ಲರ ಕಣ್ಣು.

ಕಾಯ್ದೆಯ ಉಳಿದ ಭಾಗದ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ನೋಟಿಸ್ ಕೊಟ್ಟ 90 ದಿನಗಳಲ್ಲಿ ಜೀವನಾಂಶದ ಅರ್ಜಿ ಮುಗಿಸಬೇಕು, ತೀರಾ ಅಗತ್ಯವಿದ್ದರೆ ಇನ್ನು 30 ದಿನ. ಮೂಲ ಕಾಯ್ದೆ ಜೀವನಾಂಶಕ್ಕೆ ಹಾಕಿದ ಮಿತಿ ತಿಂಗಳಿಗೆ 10,000 ರೂಪಾಯಿ. ಇಂದಿರಾನಗರದಲ್ಲಿ ದಿನವಿಡೀ ನೋಡಿಕೊಳ್ಳುವ ಹೆಂಗಸಿನ ಸಂಬಳಕ್ಕೂ ಅದು ಸಾಲದು. ಇದೇ ಕಾಯ್ದೆ ಹಿಡಿದು ಸೊಸೆಯನ್ನು ಹೊರಹಾಕುವವರೂ ಇದ್ದಾರೆ. ಬೆಂಗಳೂರಿನ ಎಸ್. ವನಿತಾ ಪ್ರಕರಣದಲ್ಲಿ ಅಂಥ ಆದೇಶವನ್ನು 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು.

ಬರಹಗಾರರು ಒತ್ತಿದ 1090, ಬೆಂಗಳೂರು ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನವರೂ ಸೇರಿ 2002ರಲ್ಲಿ ಶುರು ಮಾಡಿದ ಹಿರಿಯರ ಸಹಾಯವಾಣಿ. ಶಿವಾಜಿನಗರದಿಂದ ನಡೆದೇ ಹೋಗಬಹುದಾದ ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಯೇ ಅದರ ನೆಲೆ. ಟ್ರಸ್ಟ್ ಕಸ್ತೂರಿನಗರದಲ್ಲಿ ಮರೆವಿನ ಕಾಯಿಲೆಯವರ ಆರೈಕೆ ಕೇಂದ್ರವನ್ನೂ ನಡೆಸುತ್ತದೆ. ನೆನಪು ಕಳೆದುಕೊಂಡವರು ತಾವಾಗಿ ದೂರು ಕೊಡಲಾರರು. ಅವರ ಪರವಾಗಿ ಮೈಮೇಲಿನ ಹಾಸಿಗೆ ಹುಣ್ಣು, ಒಣಗಿದ ತುಟಿ, ತಿಂಗಳುಗಟ್ಟಲೆ ಕತ್ತರಿಸದ ಉಗುರು ಹೇಳಬೇಕು, ನೋಡಿದವರು ಬಾಯಿ ಬಿಡಬೇಕು.

“ನಮಗ್ಯಾಕೆ, ಅವರ ಮನೆ ವಿಷಯ” ಎನ್ನುವವರಿಗೆ ಒಂದು ಮಾತು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ ವಯಸ್ಸಾದ ತಾಯಿಗೂ ಅನ್ವಯಿಸುತ್ತದೆ. ರಕ್ಷಣಾಧಿಕಾರಿಗೆ ಯಾರು ಬೇಕಾದರೂ ಮಾಹಿತಿ ಕೊಡಬಹುದು. ಹಿರಿಯರು ಅಂಗವಿಕಲರಾಗಿದ್ದರೆ, ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೂ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ನಿಲ್ಲದು ಎಂದು 2005ರ ಕಾಯ್ದೆಯೇ ಹೇಳುತ್ತದೆ. ಹಿರಿಯ ನಾಗರಿಕರ ನ್ಯಾಯಮಂಡಳಿಯಂತೂ ಸ್ವಯಂಪ್ರೇರಿತವಾಗಿಯೂ ಪ್ರಕರಣ ಕೈಗೆತ್ತಿಕೊಳ್ಳಬಹುದು.

ಪಕ್ಕದ ಮನೆಗೆ ಹಗಲೆಲ್ಲ ಹೊರಗಿನಿಂದ ಬೀಗ ಬಿದ್ದು, ಒಳಗೆ ಅಜ್ಜಿಯೊಬ್ಬರೇ ಇದ್ದಾರೆಂದು ನಿಮಗೆ ಗೊತ್ತಿದ್ದರೆ 1090ಕ್ಕೆ ಕರೆ ಮಾಡಿ. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ರಾಷ್ಟ್ರೀಯ ಸಹಾಯವಾಣಿ 14567 ಇದೆ. ಪ್ರಾಣಕ್ಕೆ ಅಪಾಯ ಎನಿಸಿದರೆ ತಡಮಾಡದೆ 112.