ಪೀಠದ ಕಲ್ಲಿನ ಎರಡು ಬಾಳು

ಕೊಳ್ಳೇಗಾಲ ಸೀಮೆಯ ಧನಗೆರೆಯಂಥ ಊರುಗಳಲ್ಲಿ ವಿಗ್ರಹವೊಂದು ಭಿನ್ನವಾದರೆ ಅದಕ್ಕೆ ಪೂಜೆ ನಿಲ್ಲುವುದು ವಾಡಿಕೆ. ಹೊಸ ಮೂರ್ತಿ ಪ್ರತಿಷ್ಠೆಯಾದ ಮೇಲೆ ಹಳೆಯದು ಅರಳಿಕಟ್ಟೆಯನ್ನೋ ಹೊಳೆಯ ಮಡುವನ್ನೋ ಸೇರುತ್ತದೆ. ಶಾಸನದ ಚಪ್ಪಡಿಯಾದರೆ ಬಟ್ಟೆ ಒಗೆಯುವ ಕಲ್ಲಾಗುವುದೂ ಉಂಟು. ದೇವರ ನೆಲೆಯಿಂದ ಜಾರಿದ ಕಲ್ಲಿಗೆ ಈ ಕಾಲದಲ್ಲಿ ಇನ್ನೊಂದು ಆಶ್ರಯ ದೊರೆತಿದೆ, ಅದು ವಸ್ತುಸಂಗ್ರಹಾಲಯ. ಅಲ್ಲಿಗೆ ಹೋದವರು ನೋಡಬೇಕಾದದ್ದೇನು? ಈ ಪ್ರಶ್ನೆಗೆ ಉತ್ತರವನ್ನು ಅರಸಿ, ನಮ್ಮ ಕಾವೇರಿಯ ದಡದಿಂದ ನಾಡಿನ ಮತ್ತೊಂದು ತುದಿಗೆ, ಕಲಬುರಗಿ ಜಿಲ್ಲೆಯಲ್ಲಿ ಭೀಮೆಯ ದಡದಲ್ಲಿರುವ ಸನ್ನತಿಗೆ ಹೋಗೋಣ.

ಸನ್ನತಿ ಪ್ರಸಿದ್ಧವಾದದ್ದು ಚಂದ್ರಲಾಂಬಾ ದೇವಿಯಿಂದ. 1980ರ ದಶಕದಲ್ಲಿ ಆ ದೇವಾಲಯದ ಆವರಣದ ಕಾಳಿಯ ಗುಡಿ ಕುಸಿದು ಮೂರ್ತಿ ಮುರಿಯಿತು. ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯನ್ನು ನೋಡಿದರೆ ಅದರ ಎರಡು ಮಗ್ಗುಲಲ್ಲಿಯೂ ಬರಹ. ಲಿಪಿ ಬ್ರಾಹ್ಮೀ, ಭಾಷೆ ಪ್ರಾಕೃತ. ಓದಿದಾಗ ತಿಳಿದುಬಂದದ್ದು, ಅವು ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕ ಚಕ್ರವರ್ತಿಯ ಧರ್ಮಲಿಪಿಗಳು ಎಂಬುದು. ಬಂಡೆಗಲ್ಲಿನ ಶಾಸನಗಳ ಪೈಕಿ 12ನೆಯದು, 14ನೆಯದು, ಜೊತೆಗೆ ಒಡಿಶಾದ ಧೌಲಿ ಮತ್ತು ಜೌಗಡಗಳಿಂದ ಮೊದಲೇ ತಿಳಿದಿದ್ದ ಎರಡು ಪ್ರತ್ಯೇಕ ಶಾಸನಗಳು ಅದರಲ್ಲಿದ್ದವು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. 12ನೆಯ ಶಾಸನದ ವಿಷಯವೇ ಪರಮತ ಗೌರವ. ಮಾತಿನಲ್ಲಿ ಸಂಯಮವಿರಲಿ, ಸಲ್ಲದ ಸಂದರ್ಭದಲ್ಲಿ ತನ್ನ ಪಂಥವನ್ನು ಹೊಗಳಿ ಇತರರದನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಬಗೆಯುತ್ತಾನೆ ಎಂಬುದು ಅದರ ತಾತ್ಪರ್ಯ. ಅಂಥ ಮಾತನ್ನು ಹೊತ್ತ ಕಲ್ಲು ಕಾಳಿಗೆ ಆಸನವಾಯಿತು. ಮೂರ್ತಿಯನ್ನು ನಿಲ್ಲಿಸಲೆಂದು ಶಿಲ್ಪಿ ಅದರ ನಡುವೆ ಚೌಕನೆಯ ಕುಳಿ ತೋಡಿದ. ಅಷ್ಟು ಅಕ್ಷರಗಳು ಅಳಿದುಹೋದವು. ಅವನನ್ನು ನಿಂದಿಸುವುದು ಸುಲಭ. ಆದರೆ ಅವನ ಕಾಲಕ್ಕೆ ಆ ಲಿಪಿಯನ್ನು ಓದಬಲ್ಲವರು ಯಾರಿದ್ದರು? ಪೀಠವೆಂಬ ಮರ್ಯಾದೆ ದೊರೆತುದರಿಂದ ಆ ಕಲ್ಲು ಒಡೆದು ಗೋಡೆಗೆ ಸೇರದೆ ಉಳಿಯಿತು ಎಂಬುದನ್ನೂ ನೆನೆಯಬೇಕಲ್ಲವೆ?

ಸಮೀಪದ ಕನಗನಹಳ್ಳಿಯಲ್ಲಿ 1994ರಲ್ಲಿ ಆರಂಭವಾದ ಉತ್ಖನನವು ಶಾತವಾಹನರ ಕಾಲದ ಮಹಾಸ್ತೂಪವೊಂದನ್ನು ಬೆಳಕಿಗೆ ತಂದಿತು. ಸ್ತೂಪಕ್ಕೆ ಹೊದಿಸಿದ್ದ ಸುಣ್ಣಕಲ್ಲಿನ ಫಲಕಗಳಲ್ಲಿ ಜಾತಕಕಥೆಗಳಿವೆ. ಒಂದು ಫಲಕದಲ್ಲಿ ರಾಣಿ ಪರಿವಾರಗಳೊಡನೆ ನಿಂತ ಅರಸನಿದ್ದಾನೆ. ಅಲ್ಲಿಯೇ ಬ್ರಾಹ್ಮಿಯಲ್ಲಿ ‘ರಾಯಾ ಅಸೋಕೋ’ ಎಂಬ ಬರಹವಿದೆ. ಅಶೋಕನ ಹೆಸರು 1915ರಲ್ಲಿ ನಮ್ಮ ಮಸ್ಕಿಯ ಬಂಡೆಯಲ್ಲಿ ದೊರೆತಿತ್ತು; ಹೆಸರಿನೊಡನೆ ರೂಪವೂ ಕನ್ನಡ ನೆಲದಲ್ಲೇ ದೊರೆಯಿತು. ಅದು ಶತಮಾನಗಳ ತರುವಾಯದ ಶಿಲ್ಪಿ ಕಲ್ಪಿಸಿದ ರೂಪವೆಂಬುದು ಬೇರೆ ಮಾತು.

ಸನ್ನತಿಯ ಪರಿಸರದ ಕೆಲವು ಬೌದ್ಧ ಅವಶೇಷಗಳು ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದವು. ಆ ಸಂಗ್ರಹಾಲಯ ನೆಲೆಗೊಂಡದ್ದು ಸೇಡಂ ರಸ್ತೆಯ ಬಳಿಯ ಬಹಮನೀ ಕಾಲದ ಎರಡು ಗುಮ್ಮಟಗಳಲ್ಲಿ. ಬೌದ್ಧರ ಕಲ್ಲಿಗೆ ಮುಸಲ್ಮಾನರ ಗೋರಿಯ ನೆರಳು. ಅಶೋಕನ ಮಾತಿನ ಮೇಲೆ ಕಾಳಿಯ ಪಾದ. ಇದನ್ನು ಯಾರೂ ಯೋಜಿಸಿದ್ದಲ್ಲ. ಒಂದು ಕಾಲದವರು ಬಿಟ್ಟದ್ದನ್ನು ಇನ್ನೊಂದು ಕಾಲದವರು ಬಳಸಿಕೊಂಡರು, ಅಷ್ಟೆ.

ಆದುದರಿಂದ ಸಂಗ್ರಹಾಲಯದಲ್ಲಿ ಕಲ್ಲಿನ ಮುಂದೆ ನಿಂತಾಗ ಕಾಲವನ್ನು ಸೂಚಿಸುವ ಚೀಟಿಯೊಂದನ್ನೇ ಓದಿ ಮುಂದೆ ಸಾಗಬಾರದು. ಅಂಚಿನ ಉಳಿಗುರುತು, ಕೂಡುಕಳೆಯ ತೂತು, ಎಣ್ಣೆಯ ಜಿಡ್ಡು, ಸವೆದ ಮೈ ಇವುಗಳನ್ನೂ ನೋಡಬೇಕು. ಅವು ಕಲ್ಲಿನ ಎರಡನೆಯ ಬಾಳಿನ ಶಾಸನಗಳು. ಕುಳಿಯನ್ನು ಕಳಂಕವೆಂದು ಬಗೆದು ಅಕ್ಷರಗಳನ್ನಷ್ಟೇ ಓದುವವನಿಗೆ ಅರ್ಧ ಚರಿತ್ರೆ ಮಾತ್ರ ದಕ್ಕುತ್ತದೆ.

ಇದರಿಂದ ನಮ್ಮ ಊರುಗಳಿಗೂ ಒಂದು ಪಾಠವಿದೆ. ಕೆರೆಯ ಏರಿಯಲ್ಲೋ ಗುಡಿಯ ಜಗಲಿಯಲ್ಲೋ ಬರಹವುಳ್ಳ ಕಲ್ಲು ಕಂಡರೆ ಕೂಡಲೆ ಕಿತ್ತು ತೊಳೆದು ಬಣ್ಣ ಬಳಿಯುವುದು ಬೇಡ. ಅದು ಎಲ್ಲಿತ್ತು, ಯಾವ ದಿಕ್ಕಿಗೆ ಮುಖಮಾಡಿತ್ತು, ಊರವರು ಅದನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಬರೆದಿಟ್ಟು, ಪುರಾತತ್ವ ಇಲಾಖೆಗೆ ತಿಳಿಸಬೇಕು. ಸ್ಥಳವನ್ನು ಕಳೆದುಕೊಂಡ ಕಲ್ಲು ಸಂಗ್ರಹಾಲಯವನ್ನು ಸೇರಿಯೂ ಅನಾಥವೇ. ನಾಳೆ ಅದನ್ನು ಓದಬಲ್ಲವನೊಬ್ಬ ಬಂದಾನು; ಅವನಿಗೆ ಈ ಇಷ್ಟು ವಿವರ ಬೇಕಾಗುತ್ತದೆ.