ಮಂಗಳವಾರದ ಪಾಠ ಬುಧವಾರಕ್ಕೆ ಹೋದಾಗ

ಪ್ರತಿ ಮಂಗಳವಾರ ಸಂಜೆ 5ಕ್ಕೆ ಸಂಗೀತ ಪಾಠ ಎಂದು ಮೊಬೈಲ್ ಕ್ಯಾಲೆಂಡರಿನಲ್ಲಿ ಒಮ್ಮೆ ಹಾಕಿಟ್ಟರೆ ಮುಂದಿನ ವರ್ಷದ ಪುಟ ತೆರೆದರೂ ಪಾಠ ಅಲ್ಲಿ ಹಾಜರ್. ಅಷ್ಟೂ ಮಂಗಳವಾರಗಳನ್ನು ಯಾರೂ ಮೊದಲೇ ಬರೆದಿಟ್ಟಿರಬೇಕಿಲ್ಲ. ಡೇಟಾಬೇಸಿನಲ್ಲಿ ಒಂದು ಸಾಲಿದ್ದರೆ ಸಾಕು: ಮೊದಲ ಪಾಠ ಯಾವತ್ತು, ಎಷ್ಟು ಹೊತ್ತು, ಮತ್ತು ‘ವಾರಕ್ಕೊಮ್ಮೆ, ಮಂಗಳವಾರ’ ಎಂಬ ನಿಯಮ. ನೀವು ತೆರೆದ ತಿಂಗಳಿಗೆ ಬೇಕಾದ ದಿನಗಳನ್ನು ಆ ಕ್ಷಣಕ್ಕೆ ಲೆಕ್ಕ ಹಾಕಬಹುದು.

ಒಂದೇ ಸಲದ ಮದುವೆಗೂ ಇದೇ ಸಾಲು; ನಿಯಮದ ಜಾಗ ಖಾಲಿ, ಅಷ್ಟೇ. ಎರಡಕ್ಕೂ ಬೇರೆ ಬೇರೆ ಟೇಬಲ್ ಮಾಡುವವರಿದ್ದಾರೆ. ನನ್ನ ಮಟ್ಟಿಗೆ ಅದು ದಂಡದ ಕೆಲಸ: ಇವತ್ತು ಒಂದೇ ಸಲ ಎಂದ ಭೇಟಿ ನಾಳೆ ವಾರವಾರದ್ದಾದೀತು.

ನಿಯಮ ಬರೆಯಲು 1998ರಿಂದಲೇ ಐಕ್ಯಾಲೆಂಡರ್ ಎಂಬ ಮಾನದಂಡವಿದೆ. 2009ರಲ್ಲಿ ಆರ್‌ಎಫ್‌ಸಿ 5545 ಎಂಬ ದಾಖಲೆಯಾಗಿ ಪರಿಷ್ಕೃತವಾಯಿತು. ಬ್ಯಾಂಕುಗಳ ಎರಡನೇ ಮತ್ತು ನಾಲ್ಕನೇ ಶನಿವಾರದ ರಜೆ ಅದರಲ್ಲಿ ಒಂದೇ ಸಾಲಿಗೆ ಮುಗಿಯುತ್ತದೆ. ‘ಪ್ರತಿ ತಿಂಗಳು 31’ ಎಂದು ಬರೆದರೆ ಮಾತ್ರ ಎಚ್ಚರ. 31 ಇಲ್ಲದ ತಿಂಗಳನ್ನು ಮಾನದಂಡ ಹಾರಿಸಿಬಿಡುತ್ತದೆ. ಬಾಡಿಗೆಯಂಥ ತಿಂಗಳ ಕೊನೆಯ ಕೆಲಸಕ್ಕೆ ‘-1ನೇ ದಿನ’ ಎಂದೇ ಬರೆಯಬೇಕು.

ನಿಜವಾದ ತಲೆನೋವು ನಿಯಮ ತಪ್ಪಿದಾಗ. ದಸರಾ ವಾರ ಪಾಠವಿಲ್ಲ ಎಂದರೆ ಸುಲಭ. ಆ ದಿನಾಂಕವನ್ನು ಎಕ್ಸ್‌ಡೇಟ್ ಎಂಬ, ಬಿಡಬೇಕಾದ ದಿನಗಳ ಪಟ್ಟಿಗೆ ಸೇರಿಸಿದರಾಯಿತು. ಆದರೆ 13ರ ಮಂಗಳವಾರದ ಪಾಠ 14ರ ಬುಧವಾರಕ್ಕೆ ಹೋಯಿತೆನ್ನಿ. ಆಗ ಹೊಸದೊಂದು ಸಾಲು ಬೇಕು, ಅದರ ಮೇಲೆ ‘ನಾನು 13ರ 5 ಗಂಟೆಯವನು’ ಎಂಬ ಗುರುತೂ ಬೇಕು. ಇದೇ ರಿಕರೆನ್ಸ್-ಐಡಿ. ಪಾಠ ಈಗ ಎಲ್ಲಿದೆ ಎನ್ನುವುದಲ್ಲ, ಮೂಲದಲ್ಲಿ ಎಲ್ಲಿತ್ತು ಎನ್ನುವುದೇ ಅದರ ಹೆಸರು. ಈ ಗುರುತು ಇಲ್ಲದಿದ್ದರೆ 13ಕ್ಕೂ ಪಾಠ, 14ಕ್ಕೂ ಪಾಠ. ಇನ್ನೊಮ್ಮೆ ಸರಿಸಿದರೆ ಮೂರನೆಯದು.

‘ಇದು ಮತ್ತು ಮುಂದಿನವು ಎಲ್ಲ’ ಎಂಬ ಆಯ್ಕೆ ಇನ್ನೂ ಕಗ್ಗಂಟು. ಗೂಗಲ್ ಕ್ಯಾಲೆಂಡರಿನ ಡೆವಲಪರ್ ಕೈಪಿಡಿ ಹೇಳುವ ದಾರಿ ಸರಣಿಯನ್ನು ಕತ್ತರಿಸುವುದು: ಹಳೆಯದಕ್ಕೆ ಕೊನೆಯ ದಿನ ಹಾಕಿ, ಅಲ್ಲಿಂದಾಚೆಗೆ ಹೊಸ ಸರಣಿ. ಇದಕ್ಕೊಂದು ಬೆಲೆಯಿದೆ. ಮುಂದಿನ ತಿಂಗಳಿಗೆ ಆಗಲೇ ಮಾಡಿಟ್ಟಿದ್ದ ಬದಲಾವಣೆಗಳು ಅಳಿಸಿಹೋಗುತ್ತವೆ. ಬಳಕೆದಾರರಿಗೆ ಅದನ್ನು ಮೊದಲೇ ಹೇಳುವುದು ಮರ್ಯಾದೆ.

ಸಮಯವನ್ನು ಬರೀ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಇಡುವುದೂ ಸರಣಿಗಳಿಗೆ ಹೊಂದದು. ನ್ಯೂಯಾರ್ಕಿನ ಬೆಳಗಿನ 9ರ ಮೀಟಿಂಗು ಬೆಂಗಳೂರಿಗೆ ಬೇಸಿಗೆಯಲ್ಲಿ ಸಂಜೆ 6:30. ನವೆಂಬರಿನಲ್ಲಿ ಅಮೆರಿಕದ ಗಡಿಯಾರ ಹಿಂದೆ ಸರಿದ ಮೇಲೆ 7:30. ಹಾಗಾಗಿ ‘ಬೆಳಿಗ್ಗೆ 9, ನ್ಯೂಯಾರ್ಕ್’ ಎಂದೇ ಇಟ್ಟುಕೊಂಡು ಪ್ರತಿ ದಿನದ ಯುಟಿಸಿಯನ್ನು ಆಮೇಲೆ ಲೆಕ್ಕ ಹಾಕಬೇಕು. ಭಾರತದಲ್ಲಿ ಗಡಿಯಾರ ಸರಿಸುವ ಪದ್ಧತಿಯಿಲ್ಲದ್ದರಿಂದ ನಮ್ಮಲ್ಲೇ ಪರೀಕ್ಷೆ ಮಾಡಿದರೆ ಈ ತಪ್ಪು ಕಣ್ಣಿಗೇ ಬೀಳುವುದಿಲ್ಲ.

ಸಂಕಷ್ಟಿಯೂ ತಿಂಗಳಿಗೊಮ್ಮೆ ಬರುತ್ತದೆ. ಆದರೆ ಚಂದ್ರೋದಯದ ಹೊತ್ತಿಗೆ ಚೌತಿ ಇರಬೇಕೆಂಬ ಲೆಕ್ಕ ವಾರ, ತಾರೀಕುಗಳ ನಿಯಮಕ್ಕೆ ಸಿಗುವುದಿಲ್ಲ. ಅದಕ್ಕೆ ಆರ್‌ಡೇಟ್ ಇದೆ: ಪಂಚಾಂಗ ನೋಡಿ ಆ ವರ್ಷದ ದಿನಾಂಕಗಳನ್ನು ಒಂದೊಂದಾಗಿ ಸರಣಿಗೆ ತುಂಬಬೇಕು, ಮುಂದಿನ ಯುಗಾದಿಗೆ ಮತ್ತೊಮ್ಮೆ.