ಎರಡು ಗಾದೆಗಳ ಲೆಕ್ಕಾಚಾರ: ಹೆಣ್ಣುಮಕ್ಕಳ ಶಿಕ್ಷಣ ಮತ್ತು ಆರ್ಥಿಕ ಏಳಿಗೆ

‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯನ್ನು ಸಾಮಾನ್ಯವಾಗಿ ನೆಂಟಸ್ತಿಕೆಯ ನಿಯಮವೆಂದು ಅರ್ಥೈಸಲಾಗುತ್ತದೆ. ಅದರೊಳಗೆ ಆರ್ಥಿಕ ತರ್ಕವೂ ಅಡಗಿದೆ. ಮಗಳ ಓದಿನ ಖರ್ಚು ತವರಿನದು. ಅದರ ಫಲ ಸಲ್ಲುವುದು ಗಂಡನ ಮನೆಗೆ. ವೆಚ್ಚ ಮತ್ತು ಲಾಭ ಬೇರೆ ಬೇರೆ ಮನೆಗಳ ಪಾಲಾಗುವುದರಿಂದ, ಕೈ ಬಿಗಿಯಾದಾಗ ಮೊದಲು ನಿಲ್ಲುವುದು ಮಗಳ ಶಾಲೆ. ಇದಕ್ಕೆ ಎದುರಾಗಿ ನಿಲ್ಲುವ ಮಾತು ‘ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ’. ಇಲ್ಲಿ ಫಲವು ಒಂದು ಮನೆಯದಲ್ಲ, ಸಮಾಜದ್ದು. ಫಲ ಎಲ್ಲರದಾದರೆ ವೆಚ್ಚವನ್ನು ಯಾರು ಹೊರಬೇಕು ಎಂಬುದು ಪ್ರಸ್ತುತ ಪ್ರಬಂಧದ ಪ್ರಶ್ನೆ.

ಮೈಸೂರು ನಗರವು ಈ ಪ್ರಶ್ನೆಯನ್ನು ಬಹು ಹಿಂದೆಯೇ ಎದುರಿಸಿತು. 1881ರಲ್ಲಿ ಅಂಬಿಲ್ ನರಸಿಂಹ ಅಯ್ಯಂಗಾರರ ಪ್ರಯತ್ನದಿಂದ, ಅರಮನೆಯ ಆಶ್ರಯದಲ್ಲಿ ಆರಂಭವಾದ ಬಾಲಿಕೆಯರ ಶಾಲೆಯೇ ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆಯಿತು. ಆದರೆ ಶಾಲೆಗೆ ಬಂದ ಹುಡುಗಿಯನ್ನು ಬಾಲ್ಯವಿವಾಹವು ನಡುವೆಯೇ ಹಿಂದಕ್ಕೆಳೆಯುತ್ತಿತ್ತು. 1894ರ ಮೈಸೂರು ಶಾಸನವು ನಿಷೇಧಿಸಿದ್ದು ಎಂಟು ವರ್ಷ ತುಂಬದ ಬಾಲೆಯರ ವಿವಾಹವನ್ನು ಎಂಬುದರಿಂದಲೇ ಅಂದಿನ ಸ್ಥಿತಿಯನ್ನು ಊಹಿಸಬಹುದು. ಬಾಲವಿಧವೆಯಾದ ನಂಜನಗೂಡು ತಿರುಮಲಾಂಬ ಅವರು ಮನೆಯಲ್ಲಿಯೇ ಕಲಿತು, 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಸ್ಥಾಪಿಸಿದರು. ಕುಟುಂಬವು ಹೊರೆಯೆಂದು ಎಣಿಸುತ್ತಿದ್ದ ಸ್ಥಿತಿಯಲ್ಲಿದ್ದ ಹೆಣ್ಣುಮಗಳು ಅಕ್ಷರಬಲದಿಂದ ಲೇಖಕಿಯೂ ಪ್ರಕಾಶಕಿಯೂ ಆದುದಕ್ಕೆ ಇದು ನಿದರ್ಶನ.

ಶಿಕ್ಷಣವು ಏಳಿಗೆಯಾಗಿ ಪರಿಣಮಿಸುವ ಬಗೆ ಸರಪಣಿಯಂತಹುದು. ಓದು ಮುಂದುವರಿದಂತೆ ವಿವಾಹದ ವಯಸ್ಸು ಏರುತ್ತದೆ. ಹೆರಿಗೆಗಳ ಸಂಖ್ಯೆ ಇಳಿಯುತ್ತದೆ. ತಾಯಿ ಮತ್ತು ಮಗುವಿನ ಆರೋಗ್ಯ ಸುಧಾರಿಸುತ್ತದೆ. ಓದಿದ ತಾಯಿಯ ಮಕ್ಕಳು ಶಾಲೆಯಲ್ಲಿ ಉಳಿಯುತ್ತಾರೆ. ದುಡಿಮೆಯ ಸಾಮರ್ಥ್ಯವೂ ಗಳಿಕೆಯೂ ಹೆಚ್ಚುತ್ತವೆ. ಈ ಕಾರಣದಿಂದಲೇ ಬಾಂಗ್ಲಾದೇಶವು 1994ರಲ್ಲಿ ಗ್ರಾಮೀಣ ಪ್ರೌಢಶಾಲಾ ಬಾಲಕಿಯರಿಗೆ ವಿದ್ಯಾರ್ಥಿವೇತನವನ್ನು ದೇಶವ್ಯಾಪಿಯಾಗಿ ಜಾರಿಗೊಳಿಸಿ, ನಿಯತ ಹಾಜರಾತಿಯ ಜೊತೆಗೆ ಅವಿವಾಹಿತಳಾಗಿರಬೇಕೆಂಬ ಷರತ್ತನ್ನೂ ವಿಧಿಸಿತು. ತವರು ಹೊರಲಾರದ ವೆಚ್ಚದ ಒಂದು ಪಾಲನ್ನು ಅಲ್ಲಿ ಪ್ರಭುತ್ವವು ಹೊತ್ತಿತು.

ಅದೇ 1994ರಲ್ಲಿ ಕರ್ನಾಟಕವು ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲನ್ನು ನೀಡಿ, ಮೊದಲ ಗಾದೆಯ ಬುಡಕ್ಕೇ ಕೈಯಿಕ್ಕಿತು. ರಾಜ್ಯದ ಮಹಿಳಾ ಸಾಕ್ಷರತೆ 2001ರಲ್ಲಿ ಸುಮಾರು ಶೇ. 57 ಇದ್ದುದು 2011ರ ಜನಗಣತಿಯಲ್ಲಿ ಶೇ. 68ಕ್ಕೆ ಏರಿತು, ಪುರುಷರ ಪ್ರಮಾಣ ಆಗ ಶೇ. 82ನ್ನು ಮೀರಿತ್ತು. ಆದರೂ ಅಕ್ಷರವೊಂದೇ ಸಂಪತ್ತಾಗದು. ಕಲಿತವಳಿಗೆ ಕೂಲಿಯುಳ್ಳ ಕೆಲಸ, ನಿರ್ಭಯವಾಗಿ ಓಡಾಡುವ ದಾರಿ, ಗಳಿಕೆಯ ಮೇಲೆ ಸ್ವಂತ ಅಧಿಕಾರ ದೊರೆಯದಿದ್ದರೆ, ಎರಡನೆಯ ಗಾದೆ ಶಾಲೆಯ ಗೋಡೆಬರಹವಾಗಿ ಉಳಿದು, ಮೊದಲನೆಯದು ಮನೆಯೊಳಗಿನ ನಿರ್ಧಾರಗಳನ್ನು ಆಳುತ್ತಲೇ ಇರುತ್ತದೆ.